ಬಾಣಂತಿಯರ ಆತಂಕ ಶಮನಕ್ಕೆ ಸರಳ ಉಪಾಯಗಳು

ತಾಯಿ-ಮಗು ಕ್ಷೇಮವೆಂದು ಮನೆಮಂದಿ ಸಂಭ್ರಮದಲ್ಲಿರುವಾಗ ಬಾಣಂತಿಯ ಮನಸ್ಸು ಮಾತ್ರ ಕಳವಳಗೊಂಡಿರುವುದುಂಟು. ಹಾಲು ಸಾಲುತ್ತಿದೆಯೇ, ಮಗು ಸರಿಯಾಗಿ ಉಸಿರಾಡುತ್ತಿದೆಯೇ ಎಂಬ ಚಿಂತೆಯಿಂದ, ಮಗು ಮಲಗಿದ್ದರೂ ಆಕೆಗೆ ನಿದ್ರೆ ಬಾರದು. ಹೆರಿಗೆಯ ನಂತರ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳ ಪ್ರಮಾಣ ಹಠಾತ್ತನೆ ಕುಸಿಯುವುದು, ನಿದ್ರಾಭಂಗ ಹಾಗೂ ದೇಹದ ನೋವು ಇದಕ್ಕೆ ಕಾರಣವಾಗುತ್ತವೆ. ಮೊದಲ ವಾರದಲ್ಲಿ ಬಹುಪಾಲು ತಾಯಂದಿರಲ್ಲಿ ಕಾಣುವ ಅಳು, ಸಿಡುಕು ಸಾಮಾನ್ಯವಾಗಿ ಎರಡು ವಾರಗಳೊಳಗೆ ತಾನಾಗಿಯೇ ಶಮನಗೊಳ್ಳುತ್ತದೆ. ಈ ದಿನಗಳಲ್ಲಿ ಬಾಣಂತಿ ಕೋಣೆಯಲ್ಲಿಯೇ ಮಾಡಬಹುದಾದ ಕೆಲವು ಅಭ್ಯಾಸಗಳು ಇಲ್ಲಿವೆ.

ದೀರ್ಘ ಉಸಿರಾಟ: ಹಾಲೂಡಿಸುವಾಗ ಬೆನ್ನಿಗೆ ದಿಂಬು ಕೊಟ್ಟು ಕುಳಿತು, ನಾಲ್ಕು ಎಣಿಸುವಷ್ಟು ಕಾಲ ಮೂಗಿನಿಂದ ಉಸಿರೆಳೆದು, ಆರು ಎಣಿಸುವಷ್ಟು ಕಾಲ ನಿಧಾನವಾಗಿ ಬಿಡಬೇಕು. ಉಸಿರು ಬಿಗಿಹಿಡಿಯಬಾರದು. ಐದು ನಿಮಿಷ ಸಾಕು.

ಸ್ನಾಯುಗಳ ಸಡಿಲಿಕೆ: ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 20ನೇ ಶತಮಾನದ ಪೂರ್ವಾರ್ಧದಲ್ಲಿ ರೂಪಿಸಿದ ವಿಧಾನವಿದು. ಮಲಗಿಕೊಂಡು ಪಾದ, ಮೀನಖಂಡ, ಕೈ, ಭುಜ, ಮುಖ ಹೀಗೆ ಒಂದೊಂದೇ ಭಾಗವನ್ನು ಐದು ಸೆಕೆಂಡು ಬಿಗಿಗೊಳಿಸಿ ಸಡಿಲಬಿಡಬೇಕು. ಸಿಸೇರಿಯನ್ ಆದವರು ಗಾಯ ಮಾಯುವವರೆಗೆ ಹೊಟ್ಟೆಯನ್ನು ಬಿಗಿಯಬಾರದು.

ಯೋಗನಿದ್ರೆ: ಮಗು ಮಲಗಿದಾಗ ಕಣ್ಣು ಮುಚ್ಚಿ, ದೇಹದ ಒಂದೊಂದು ಅಂಗದ ಕಡೆಗೂ ಗಮನ ಹರಿಸುತ್ತಾ ಹೋಗಬೇಕು. ನಿದ್ರೆ ಬಂದರೆ ಇನ್ನೂ ಒಳ್ಳೆಯದು.

ಎಣ್ಣೆಸ್ನಾನ: ಹೊಲಿಗೆಯಿರುವ ಭಾಗವನ್ನು ಬಿಟ್ಟು, ಹದವಾಗಿ ಎಣ್ಣೆ ತಿಕ್ಕಿ ನೀರೆರೆಯುವ ನಮ್ಮ ಬಾಣಂತನದ ಪದ್ಧತಿಯೂ ಮೈಮನಸ್ಸಿಗೆ ಹಿತ ನೀಡುತ್ತದೆ.

ಆದರೆ ಈ ಯಾವ ಅಭ್ಯಾಸವೂ ನಿದ್ರೆಗೆ ಬದಲಿಯಲ್ಲ. ಹಾಲೂಡಿಸಿದ ನಂತರ ಪತಿಯೋ ಅಜ್ಜಿಯೋ ಮಗುವನ್ನು ನೋಡಿಕೊಂಡು, ಬಾಣಂತಿಗೆ ಒಂದಿಷ್ಟು ಹೊತ್ತು ಎಡೆಬಿಡದೆ ಮಲಗಲು ಅವಕಾಶ ಕಲ್ಪಿಸಬೇಕು.

ವೈದ್ಯರನ್ನು ಕಾಣುವುದು ಯಾವಾಗ?: ಕಳವಳ ಎರಡು ವಾರ ಮೀರಿದರೆ, ಮಗುವಿನಲ್ಲಿ ಆಸಕ್ತಿಯೇ ಇಲ್ಲವಾದರೆ ಅದು ಖಿನ್ನತೆ ಅಥವಾ ಆತಂಕದ ಕಾಯಿಲೆಯಿರಬಹುದು. 1987ರಲ್ಲಿ ಪ್ರಕಟವಾದ ಎಡಿನ್‌ಬರೋ ಮಾಪನದ 10 ಪ್ರಶ್ನೆಗಳ ಮೂಲಕ ವೈದ್ಯರು ಇದರ ಸುಳಿವನ್ನು ಪಡೆಯುತ್ತಾರೆ. ಹಾಲೂಡಿಸುವ ತಾಯಿಗೂ ಹೊಂದುವ ಔಷಧಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೆ ಇರಿಸಿ ಚಿಕಿತ್ಸೆ ನೀಡುವ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೂ ಸಲಹೆ ಪಡೆಯಬಹುದು.

ತನಗೋ ಮಗುವಿಗೋ ಅಪಾಯ ಮಾಡಿಕೊಳ್ಳುವ ಆಲೋಚನೆ ಬಂದರೆ, ಇಲ್ಲದ ಧ್ವನಿ ಕೇಳಿಸಿದರೆ ತಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಗಾಳಿ ಸೋಕಿತೆಂದು ದಿನ ದೂಡುವುದು ಎರಡು ಜೀವಗಳಿಗೆ ಅಪಾಯಕಾರಿ.