ವೆರೈಟಿ ಹಾಲ್: ಡೇರೆಯಿಂದ ಎದ್ದ ಚಿತ್ರಮಂದಿರ

ಕೊಯಮತ್ತೂರು ರೈಲ್ವೆ ನಿಲ್ದಾಣದ ಹತ್ತಿರ ವೆರೈಟಿ ಹಾಲ್ ರಸ್ತೆ ಇದೆ. ಬಟ್ಟೆಗೋ ಆಸ್ಪತ್ರೆಗೋ ಅಲ್ಲಿಗೆ ಹೋಗುವ ನಮ್ಮ ತಾಳವಾಡಿ ಕಡೆಯವರು ಆ ಹೆಸರನ್ನು ಕೇಳಿರುತ್ತೀರಿ. ಆ ಹಾಲ್ ಒಂದು ಸಿನಿಮಾ ಥಿಯೇಟರ್. ಕೊಳ್ಳೇಗಾಲ 1956ರವರೆಗೆ, ತಾಳವಾಡಿ 1979ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದವು. ಹಾಗಾಗಿ ಇದು ನಮ್ಮದೇ ಜಿಲ್ಲಾ ಕೇಂದ್ರದ ಕಥೆ.

ಕಟ್ಟಿಸಿದವರು ಸಾಮಿಕಣ್ಣು ವಿನ್ಸೆಂಟ್. 1883ರಲ್ಲಿ ಕೊಯಮತ್ತೂರಿನಲ್ಲೇ ಹುಟ್ಟಿ, ತಿರುಚಿರಾಪಳ್ಳಿಯಲ್ಲಿ ರೈಲ್ವೆ ನೌಕರಿ ಮಾಡುತ್ತಿದ್ದರು. 1905ರಲ್ಲಿ ಡ್ಯೂಪಾಂಟ್ ಎಂಬ ಫ್ರೆಂಚ್ ಪ್ರದರ್ಶಕ ಊರೂರು ಸುತ್ತುತ್ತಾ ಅಲ್ಲಿಗೆ ಬಂದ. ಆರೋಗ್ಯ ಕೆಟ್ಟು ಸ್ವದೇಶಕ್ಕೆ ಮರಳಲು ಹೊರಟಾಗ ಅವನ ಪ್ರೊಜೆಕ್ಟರನ್ನೂ ಫಿಲ್ಮ್‌ಗಳನ್ನೂ ವಿನ್ಸೆಂಟ್ ಕೊಂಡುಕೊಂಡರು. ಇಪ್ಪತ್ತೆರಡರ ಹುಡುಗ, ಕೈಯಲ್ಲಿದ್ದ ಭದ್ರ ಕೆಲಸ ಬಿಟ್ಟ! ಮನೆಯಲ್ಲಿ ಏನೆಂದಿರಬಹುದು, ನೀವೇ ಊಹಿಸಿ.

ಆ ಫಿಲ್ಮ್‌ಗಳಲ್ಲಿ ಯೇಸುಸ್ವಾಮಿಯ ಜೀವನ ಕುರಿತದ್ದೂ ಒಂದಿತ್ತು. ಮೂಕಿ ಚಿತ್ರ, ಮಾತಿಲ್ಲ. ಆದರೆ ಭಾಷೆ ಬೇಕಿಲ್ಲದ್ದರಿಂದಲೇ ಅದು ಎಲ್ಲೆಡೆ ಓಡಿತು ಎಂಬುದು ನನ್ನ ಅನಿಸಿಕೆ. ಶಿಲುಬೆಹಾದಿಯನ್ನು ಗೋಡೆಯ ಮೇಲಿನ ಚಿತ್ರಗಳಲ್ಲಷ್ಟೇ ನೋಡಿದ್ದ ಜನರ ಮುಂದೆ ಆ ಚಿತ್ರಗಳು ನಡೆದಾಡಿದವು. ವಿನ್ಸೆಂಟ್ ಡೇರೆ ಹೊತ್ತು ಉತ್ತರ ಭಾರತ, ಬರ್ಮಾ, ಸಿಲೋನ್, ಮಲಯಗಳವರೆಗೂ ತಿರುಗಿದರು. ಮದ್ರಾಸಿನಲ್ಲೂ ಡೇರೆ ಹಾಕಿದರು.

ಡೇರೆಯೆಂದರೆ ಮಳೆ, ಗಾಳಿ, ಬೆಂಕಿಯ ಭಯ. ಆಗಿನ ಫಿಲ್ಮ್ ಬೇಗ ಹೊತ್ತಿಕೊಳ್ಳುವ ವಸ್ತು. 1914ರಲ್ಲಿ ಅವರು ಸ್ವಂತ ಊರಿನಲ್ಲಿ ವೆರೈಟಿ ಹಾಲ್ ಕಟ್ಟಿಸಿದರು. ದಕ್ಷಿಣ ಭಾರತದ ಮೊದಲ ಖಾಯಂ ಥಿಯೇಟರ್ ಎಂದು ಕೆಲವರು ಬರೆಯುತ್ತಾರೆ. ಮದ್ರಾಸಿನ ಎಲೆಕ್ಟ್ರಿಕ್ ಥಿಯೇಟರ್ 1913ರದ್ದು, ಆದ್ದರಿಂದ ಆ ಮಾತನ್ನು ಒಪ್ಪುವುದು ಕಷ್ಟ. ನನಗೆ ಮುಖ್ಯವೆನಿಸುವುದು ಬೇರೆ. ಮದ್ರಾಸಿನಂಥ ರಾಜಧಾನಿಯಲ್ಲ, ಒಂದು ಜಿಲ್ಲಾ ಊರು, ಕಟ್ಟಿಸಿದವರು ಅಲ್ಲಿಯವರೇ. ಊರೂರು ಸುತ್ತಿ ಹೋಗಿಬಿಡುತ್ತಿದ್ದ ಸಿನಿಮಾ ಒಂದು ಬೀದಿಯಲ್ಲಿ ನೆಲೆ ನಿಂತಿತು. ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡವರೆಲ್ಲ ಒಂದೇ ಕತ್ತಲಲ್ಲಿ, ಒಂದೇ ಪರದೆಯ ಮುಂದೆ ಕೂತರು. ಬೆಂಚು, ಕುರ್ಚಿಗಳ ದರ ಬೇರೆಬೇರೆ ಇದ್ದರೂ, ಆ ಕಾಲಕ್ಕೆ ಅದು ಸಣ್ಣ ಸಂಗತಿಯಲ್ಲ.

ಮುಂದೆ ವಿನ್ಸೆಂಟ್ ಚಿತ್ರ ನಿರ್ಮಾಣಕ್ಕೂ ಇಳಿದರು. 1933ರ ತಮಿಳು ಟಾಕಿ 'ವಳ್ಳಿ ತಿರುಮಣಂ' ಚೆನ್ನಾಗಿ ಓಡಿತು. 1942ರಲ್ಲಿ ಅವರು ತೀರಿಕೊಂಡರು. ಹಾಲ್ ಆಮೇಲೆ ಡಿಲೈಟ್ ಎಂಬ ಹೆಸರಿನಲ್ಲಿ ಬಹುಕಾಲ ನಡೆಯಿತು. ಈಗ ಅಲ್ಲಿ ಸಿನಿಮಾ ಇಲ್ಲ. ರಸ್ತೆಯ ಹೆಸರು ಮಾತ್ರ ಉಳಿದಿದೆ. ನಿಮ್ಮ ಮನೆಯ ಹಿರಿಯರು ಡಿಲೈಟ್‌ನಲ್ಲಿ ಸಿನಿಮಾ ನೋಡಿದ್ದರೆ, ಯಾವುದು, ಯಾರ ಜೊತೆ ಎಂದು ಈ ಭಾನುವಾರ ಪೂಜೆ ಮುಗಿದ ಮೇಲೆ ಕೇಳಿ ಬರೆದಿಟ್ಟುಕೊಳ್ಳಿ.