ಬಾಂಬೆ ರಣಜಿ ತಂಡದ 1990–91ರ ಋತು

ರಣಜಿ ಟ್ರೋಫಿ ಕ್ರಿಕೆಟ್‌ನಲ್ಲಿ ಬಾಂಬೆ ತಂಡದ 1990–91ರ ಋತು ಎರಡು ಕಾರಣಗಳಿಗಾಗಿ ದಾಖಲೆಯಲ್ಲಿ ಉಳಿದಿದೆ. ಸೆಮಿಫೈನಲ್‌ನಲ್ಲಿ ತಂಡ ಹೈದರಾಬಾದ್ ವಿರುದ್ಧ 6 ವಿಕೆಟ್‌ಗೆ 855 ರನ್ ಗಳಿಸಿ ಡಿಕ್ಲೇರ್ ಮಾಡಿಕೊಂಡಿತು. 1991ರ ಮೇ 3ರಿಂದ 7ರವರೆಗೆ ವಾಂಖೆಡೆ ಕ್ರೀಡಾಂಗಣದಲ್ಲಿ ನಡೆದ ಫೈನಲ್‌ನಲ್ಲಿ ಹರಿಯಾಣಕ್ಕೆ ಕೇವಲ 2 ರನ್‌ಗಳಿಂದ ಸೋತಿತು. ಸಂಜಯ್ ಮಾಂಜ್ರೇಕರ್ ನಾಯಕರಾಗಿದ್ದರು. ನಗರದ ಹೆಸರು ಅಧಿಕೃತವಾಗಿ ಮುಂಬೈ ಎಂದಾಗಿದ್ದು 1995ರಲ್ಲಿ. ಅಲ್ಲಿಯವರೆಗಿನ ದಾಖಲೆಗಳಲ್ಲಿ ತಂಡದ ಹೆಸರು ಬಾಂಬೆ ಎಂದೇ ಇದೆ.

ಆ ಹೊತ್ತಿಗೆ ಬಾಂಬೆ 30 ಬಾರಿ ರಣಜಿ ಗೆದ್ದಿತ್ತು. 1958–59ರಿಂದ 1972–73ರವರೆಗೆ ಸತತ 15 ವರ್ಷ ಟ್ರೋಫಿ ಈ ನಗರ ಬಿಟ್ಟು ಕದಲಿರಲಿಲ್ಲ. ಆ ಓಟವನ್ನು ನಿಲ್ಲಿಸಿದ್ದು ಕರ್ನಾಟಕ. 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಎರಪಳ್ಳಿ ಪ್ರಸನ್ನ ನಾಯಕತ್ವದ ಕರ್ನಾಟಕ 385 ರನ್ ಗಳಿಸಿ, ಬಾಂಬೆಯನ್ನು 307ಕ್ಕೆ ಉರುಳಿಸಿ, ಮೊದಲ ಇನಿಂಗ್ಸ್ ಮುನ್ನಡೆಯ ಬಲದಿಂದ ಫೈನಲ್ ತಲುಪಿತು. 1982–83ರ ಫೈನಲ್‌ನಲ್ಲೂ ಕರ್ನಾಟಕ ಬಾಂಬೆಯನ್ನು ಅದರ ನೆಲದಲ್ಲೇ ಹೀಗೆಯೇ ಹಿಂದಿಕ್ಕಿತು. ಬಾಂಬೆ 1983–84 ಮತ್ತು 1984–85ರಲ್ಲಿ ಮತ್ತೆ ಗೆದ್ದರೂ ಆಮೇಲೆ ಬರಗಾಲ ಬಂತು. ಗೆಲುವನ್ನು ತನ್ನ ಹಕ್ಕೆಂದು ಭಾವಿಸಿದ್ದ ನಗರಕ್ಕೆ ಐದು ವರ್ಷ ಬರಿಗೈಯಲ್ಲಿ ಕಳೆಯುವುದು ಸಣ್ಣ ಸಂಗತಿಯಾಗಿರಲಿಲ್ಲ. 1990–91ರ ತಂಡದ ಮೇಲಿದ್ದ ನಿರೀಕ್ಷೆ ಆ ಕಾರಣದಿಂದ ಹೆಚ್ಚಿತ್ತು.

ತಂಡ ರೂಪುಗೊಂಡಿದ್ದು ನಗರದ ಮೈದಾನಗಳಲ್ಲಿ. ಅಂದಿನ ಆಟಗಾರರಿಗೆ ರಣಜಿ ಪಂದ್ಯದ ಸಂಭಾವನೆಯಿಂದ ಬದುಕು ಸಾಗುತ್ತಿರಲಿಲ್ಲ. ಕಂಪನಿಗಳು ಮತ್ತು ಬ್ಯಾಂಕುಗಳು ಅವರಿಗೆ ಉದ್ಯೋಗ ಕೊಟ್ಟು, ಟೈಮ್ಸ್ ಶೀಲ್ಡ್‌ನಂಥ ಕಚೇರಿ ಪಂದ್ಯಾವಳಿಗಳಲ್ಲಿ ತಮ್ಮ ಪರವಾಗಿ ಆಡಿಸುತ್ತಿದ್ದವು. 35ರ ಹರೆಯದ ದಿಲೀಪ್ ವೆಂಗ್‌ಸರ್ಕಾರ್ ಕನ್ನಡಿಗರಿಗೆ ಚಿರಪರಿಚಿತವಾದ ಮಾಟುಂಗಾದ ದಾದರ್ ಯೂನಿಯನ್ ಕ್ಲಬ್‌ನಲ್ಲಿ ಬೆಳೆದವರು. ಸಚಿನ್ ತೆಂಡೂಲ್ಕರ್ ಮತ್ತು ವಿನೋದ್ ಕಾಂಬ್ಳಿ ಶಿವಾಜಿ ಪಾರ್ಕ್‌ನಲ್ಲಿ ರಮಾಕಾಂತ್ ಆಚ್ರೇಕರ್ ಅವರ ಶಿಷ್ಯರು. 1988ರಲ್ಲಿ ಶಾರದಾಶ್ರಮ ಶಾಲೆಯ ಪರ 664 ರನ್‌ಗಳ ಮುರಿಯದ ಜತೆಯಾಟ ಆಡಿದ ಜೋಡಿ. ಆರಂಭಿಕರಾಗಿ ಲಾಲ್‌ಚಂದ್ ರಜಪೂತ್ ಮತ್ತು ಶಿಶಿರ್ ಹಟ್ಟಂಗಡಿ, ವಿಕೆಟ್ ಕೀಪರ್ ಆಗಿ ಚಂದ್ರಕಾಂತ್ ಪಂಡಿತ್ ಇದ್ದರು. ಬೌಲಿಂಗ್‌ನಲ್ಲಿ ಹೊಸ ಮುಖವೆಂದರೆ ಎತ್ತರದ ನಿಲುವಿನ ವೇಗಿ ಅಬೆ ಕುರುವಿಲ್ಲಾ. 1990ರ ನವೆಂಬರ್ ನಂತರ ಸುಮಾರು ಒಂದು ವರ್ಷ ಭಾರತ ಟೆಸ್ಟ್ ಆಡಲಿಲ್ಲ. ಹೀಗಾಗಿ ದೇಶದ ಪ್ರಮುಖ ಆಟಗಾರರೆಲ್ಲ ತಮ್ಮ ರಾಜ್ಯ ತಂಡಗಳಿಗೆ ದೊರೆತರು. ಆ ಋತುವಿನ ರಣಜಿಗೆ ಬಂದ ಕಳೆಗೆ ಇದೇ ಮುಖ್ಯ ಕಾರಣ.

ಬಾಂಬೆ ಪಶ್ಚಿಮ ವಲಯದಿಂದ ಮುಂದೆ ಬಂದು ನಾಕೌಟ್ ಹಂತ ತಲುಪಿತು. ದೆಹಲಿ ವಿರುದ್ಧ ತೆಂಡೂಲ್ಕರ್ 125 ರನ್ ಹೊಡೆದರು. ಹೈದರಾಬಾದ್ ವಿರುದ್ಧದ ಸೆಮಿಫೈನಲ್ ಮಾತ್ರ ಪೂರ್ತಿಯಾಗಿ ಮಾಂಜ್ರೇಕರ್ ಅವರದು. ಅವರ 377 ರನ್‌ಗಳ ಇನಿಂಗ್ಸ್, ಸುನಿಲ್ ಗಾವಸ್ಕರ್ 1981–82ರಲ್ಲಿ ಬಂಗಾಳದ ವಿರುದ್ಧ ಗಳಿಸಿದ್ದ 340ನ್ನು ದಾಟಿ ಬಾಂಬೆ ಪರ ಅತ್ಯಧಿಕ ವೈಯಕ್ತಿಕ ಮೊತ್ತವಾಯಿತು. ರಣಜಿಯಲ್ಲಿ ಅದಕ್ಕಿಂತ ಮೇಲಿದ್ದುದು ಮಹಾರಾಷ್ಟ್ರದ ಬಿ. ಬಿ. ನಿಂಬಾಳ್ಕರ್ 1948–49ರಲ್ಲಿ ಗಳಿಸಿದ್ದ ಅಜೇಯ 443 ಒಂದೇ.

ಫೈನಲ್‌ನ ಎದುರಾಳಿ ಹರಿಯಾಣದ ನಾಯಕ ಕಪಿಲ್ ದೇವ್. ರಣಜಿ ಫೈನಲ್ ಸಾಮಾನ್ಯವಾಗಿ ಬೇಸಿಗೆಯ ಬಿಸಿ ಏರುವ ಮೊದಲೇ ಮುಗಿಯುತ್ತಿತ್ತು; ಈ ಬಾರಿ ಅದು ಮೇ ತಿಂಗಳಿಗೆ ಬಂದಿತ್ತು. ಕಡಲಂಚಿನ ನಗರದ ಸೆಕೆಯಲ್ಲಿ ಹರಿಯಾಣ ಮೊದಲು ಬ್ಯಾಟ್ ಮಾಡಿ 522 ರನ್ ಪೇರಿಸಿತು. ದೀಪಕ್ ಶರ್ಮಾ 199ಕ್ಕೆ ಔಟಾಗಿ ದ್ವಿಶತಕವನ್ನು ಒಂದೇ ರನ್‌ನಿಂದ ಕಳೆದುಕೊಂಡರು. ಅಜಯ್ ಜಡೇಜಾ 94, ಕೆಳ ಕ್ರಮಾಂಕದಲ್ಲಿ ಚೇತನ್ ಶರ್ಮಾ 98 ಗಳಿಸಿದರು. ಉತ್ತರವಾಗಿ ಬಾಂಬೆ 410ಕ್ಕೆ ಆಲೌಟಾಯಿತು. ರಜಪೂತ್ 74, ಸಂಜಯ್ ಪಾಟೀಲ್ 85 ಮತ್ತು ತೆಂಡೂಲ್ಕರ್ 47 ಗಳಿಸಿದರೂ ದೊಡ್ಡ ಶತಕವೊಂದು ಬರಲಿಲ್ಲ. ಹರಿಯಾಣಕ್ಕೆ 112 ರನ್‌ಗಳ ಮುನ್ನಡೆ ದೊರೆಯಿತು.

ಈ 112 ರನ್‌ಗಳ ತೂಕ ತಿಳಿಯಲು ರಣಜಿಯ ನಿಯಮ ಗೊತ್ತಿರಬೇಕು. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಮುಂದಿದ್ದವರೇ ವಿಜೇತರು. ಅಂದರೆ ಹರಿಯಾಣ ಸೋಲದೆ ಉಳಿದರೆ ಸಾಕಿತ್ತು, ಬಾಂಬೆ ಗೆಲ್ಲಲೇಬೇಕಿತ್ತು. ಎರಡನೇ ಇನಿಂಗ್ಸ್‌ನಲ್ಲಿ ಹರಿಯಾಣ 242 ರನ್ ಸೇರಿಸಿತು. ಕೊನೆಯ ದಿನ 70ಕ್ಕೂ ಕಡಿಮೆ ಓವರ್‌ಗಳಲ್ಲಿ ಬಾಂಬೆಯ ಮುಂದಿದ್ದ ಗುರಿ 355. ಓವರಿಗೆ ಐದಕ್ಕೂ ಹೆಚ್ಚು ರನ್ ಬೇಕಿತ್ತು. ಇಪ್ಪತ್ತು ಓವರ್‌ಗಳ ಕ್ರಿಕೆಟ್ ಇನ್ನೂ ಹುಟ್ಟದಿದ್ದ ಆ ದಿನಗಳಲ್ಲಿ, ಐದನೇ ದಿನದ ಪಿಚ್‌ನಲ್ಲಿ, ಇದು ಬಹುತೇಕ ತಂಡಗಳು ಯೋಚಿಸಲೂ ಹಿಂಜರಿಯುತ್ತಿದ್ದ ಗುರಿ.

34 ರನ್ ಆಗುವಷ್ಟರಲ್ಲಿ ರಜಪೂತ್, ಹಟ್ಟಂಗಡಿ ಮತ್ತು ಮಾಂಜ್ರೇಕರ್ ಪೆವಿಲಿಯನ್ ಸೇರಿದ್ದರು. ಆಗ ವೆಂಗ್‌ಸರ್ಕಾರ್ ಜತೆಗೂಡಿದ ತೆಂಡೂಲ್ಕರ್‌ಗೆ 18 ತುಂಬಿ ಎರಡು ವಾರವೂ ಆಗಿರಲಿಲ್ಲ. ಇಬ್ಬರೂ ವೇಗವಾಗಿ 134 ರನ್ ಸೇರಿಸಿದರು. ತೆಂಡೂಲ್ಕರ್ ಅವರ ಪಾಲು 75 ಎಸೆತಗಳಲ್ಲಿ 96, ಅದರಲ್ಲಿ 9 ಬೌಂಡರಿ, 5 ಸಿಕ್ಸರ್. ಅಸಾಧ್ಯವೆಂದು ಕಂಡ ಗುರಿಯನ್ನು ಎಟಕುವಷ್ಟು ಹತ್ತಿರ ತಂದಿಟ್ಟಿದ್ದು ಆ ಜತೆಯಾಟ. ಅವರು ಔಟಾದ ಮೇಲೆ ಕಾಂಬ್ಳಿ 45 ರನ್ ಹೊಡೆದು ಓಟವನ್ನು ಮುಂದುವರಿಸಿದರು. ಆದರೆ ವಿಕೆಟ್‌ಗಳು ಉರುಳುತ್ತಲೇ ಹೋದವು.

305ಕ್ಕೆ ಒಂಬತ್ತನೇ ವಿಕೆಟ್ ಬಿದ್ದಾಗ ಇನ್ನೂ 50 ರನ್ ಬೇಕಿತ್ತು. ಕೊನೆಯವರಾಗಿ ಬಂದ ಕುರುವಿಲ್ಲಾ ತಮ್ಮ ವಿಕೆಟ್ ಕಾಯ್ದುಕೊಂಡರು. ಸ್ನಾಯು ಸೆಳೆತದಿಂದ ಓಡಲಾಗದ ವೆಂಗ್‌ಸರ್ಕಾರ್, ರನ್ನರ್ ಆಗಿ ರಜಪೂತ್ ಅವರನ್ನು ಕರೆಸಿಕೊಂಡು ಸ್ಪಿನ್ನರ್ ಯೋಗೇಂದ್ರ ಭಂಡಾರಿಯವರ ಬೌಲಿಂಗ್ ಮೇಲೆ ಎರಗಿದರು. ಕೊನೆಯ ಜೋಡಿ 47 ರನ್ ಸೇರಿಸಿತು. ಗೆಲುವಿಗೆ 3 ರನ್ ಬೇಕಿದ್ದಾಗ ಓಡಲು ಹೋದ ಕುರುವಿಲ್ಲಾ, ಹರಿಯಾಣದ ಫೀಲ್ಡರ್ ಅಮರ್‌ಜಿತ್ ಕೇಪಿಯವರ ಎಸೆತಕ್ಕೆ ರನ್ ಔಟ್ ಆದರು. ಬಾಂಬೆ 352ಕ್ಕೆ ಆಲೌಟ್. 139 ರನ್ ಗಳಿಸಿ ಔಟಾಗದೆ ಉಳಿದ ವೆಂಗ್‌ಸರ್ಕಾರ್ ಮೈದಾನದಲ್ಲೇ ಕಣ್ಣೀರಿಟ್ಟರು.

ಸೋಲಿನ ಹೊಣೆಯನ್ನು ಕೊನೆಯ ರನ್ ಔಟ್ ಮೇಲೆ ಹೊರಿಸುವುದು ರೂಢಿಯಾಗಿದೆ. ಅದು ಕುರುವಿಲ್ಲಾರಿಗೆ ಮಾಡುವ ಅನ್ಯಾಯ. 522 ರನ್ ಬಿಟ್ಟುಕೊಟ್ಟ ಬೌಲಿಂಗ್, ಅದರಲ್ಲೂ ಚೇತನ್ ಶರ್ಮಾ ಅವರನ್ನು ಬೇಗ ಕಳುಹಿಸಲಾಗದ ವೈಫಲ್ಯ, ಬಾಂಬೆಯನ್ನು ಡ್ರಾದ ದಾರಿಯೂ ಇಲ್ಲದ ಮೂಲೆಗೆ ತಳ್ಳಿತ್ತು. 855 ರನ್ ಗಳಿಸಬಲ್ಲ ಬ್ಯಾಟಿಂಗ್‌ಗೆ ಸರಿಸಾಟಿಯಾದ ಬೌಲಿಂಗ್ ಆ ವರ್ಷ ತಂಡದಲ್ಲಿ ಇರಲಿಲ್ಲ. ಹರಿಯಾಣದ ಗೆಲುವು ಅದೃಷ್ಟದ್ದೂ ಅಲ್ಲ. ಐದು ದಿನಗಳ ಪೈಕಿ ಹೆಚ್ಚಿನ ಹೊತ್ತು ಮೇಲುಗೈ ಅದರದೇ ಆಗಿತ್ತು.

ಕುರುವಿಲ್ಲಾ 1997ರಲ್ಲಿ ಭಾರತದ ಪರ ಟೆಸ್ಟ್ ಆಡಿದರು. ಬಾಂಬೆ ಮತ್ತೆ ಟ್ರೋಫಿ ಎತ್ತಿದ್ದು 1993–94ರಲ್ಲಿ, ರವಿ ಶಾಸ್ತ್ರಿ ನಾಯಕತ್ವದಲ್ಲಿ. ಮಾಂಜ್ರೇಕರ್ ಅವರ 377ರ ದಾಖಲೆ 30ಕ್ಕೂ ಹೆಚ್ಚು ವರ್ಷ ಉಳಿಯಿತು. 2023ರ ಜನವರಿಯಲ್ಲಿ ಅಸ್ಸಾಂ ವಿರುದ್ಧ 379 ರನ್ ಗಳಿಸಿದ ಪೃಥ್ವಿ ಶಾ ಅದನ್ನು ಮುರಿದರು. ಹರಿಯಾಣಕ್ಕೆ 1991ರದು ಮೊದಲ ರಣಜಿ ಪ್ರಶಸ್ತಿ. ನಂತರದ ಮೂರು ದಶಕಗಳಲ್ಲಿ ಎರಡನೆಯದು ಅದರ ಪಾಲಿಗೆ ಬರಲಿಲ್ಲ.