ಜಾಲತಾಣಕ್ಕೊಂದು ಕ್ಯಾಮೆರಾ ಟ್ರ್ಯಾಪ್

ಗೇಟು ಬೇರೆ, ಕಣ್ಗಾವಲು ಬೇರೆ

ಗುಂಡ್ಲುಪೇಟೆಯಿಂದ ಊಟಿಗೋ ಸುಲ್ತಾನ್ ಬತ್ತೇರಿಗೋ ಹೊರಟವರಿಗೆ ಬಂಡೀಪುರದ ಗೇಟು ಗೊತ್ತು: ರಾತ್ರಿ 9ಕ್ಕೆ ಮುಚ್ಚಿದರೆ ಬೆಳಿಗ್ಗೆ 6ಕ್ಕೇ ತೆರೆಯುವುದು. ಅದೇ ಕಾಡಿನಲ್ಲಿ ಹುಲಿ ಗಣತಿಗೆ ಕಟ್ಟುವ ಕ್ಯಾಮೆರಾ ಟ್ರ್ಯಾಪ್ ಯಾರನ್ನೂ ತಡೆಯುವುದಿಲ್ಲ, ಯಾರು ಯಾವ ಹೊತ್ತಿಗೆ ಹಾದುಹೋದರೆಂದು ಹಿಡಿದಿಡುತ್ತದೆ. ಜಾಲತಾಣಕ್ಕೆ ಫೈರ್‌ವಾಲ್ ಗೇಟಾದರೆ, ವಾಝೂ ಎಂಬ ಮುಕ್ತ ತಂತ್ರಾಂಶ ಕ್ಯಾಮೆರಾ ಟ್ರ್ಯಾಪ್.

ಒಸೆಕ್ ಎಂಬ ಹಳೆಯ ತಂತ್ರಾಂಶದಿಂದ 2015ರಲ್ಲಿ ಕವಲೊಡೆದದ್ದು ಇದು. ಸರ್ವರ್‌ನಲ್ಲಿ ಕೂತ ಏಜೆಂಟ್ ಲಾಗ್‌ಗಳನ್ನು ಓದಿ ಮ್ಯಾನೇಜರ್‌ಗೆ ಕಳಿಸುತ್ತದೆ. ಇಲ್ಲದ ಬಳಕೆದಾರನ ಹೆಸರಿನಲ್ಲಿ 120 ಸೆಕೆಂಡಿನೊಳಗೆ 8 ಸಲ ಲಾಗಿನ್ ಯತ್ನ ನಡೆದರೆ ಎಚ್ಚರಿಕೆ ಏಳುತ್ತದೆ. ಜಾಲತಾಣದ ವರ್ಡ್‌ಪ್ರೆಸ್ ಫೋಲ್ಡರನ್ನು ಕಣ್ಗಾವಲಿನ ಪಟ್ಟಿಗೆ ಸೇರಿಸಿದರೆ, ರಾತ್ರೋರಾತ್ರಿ ನುಸುಳಿದ ಅಪರಿಚಿತ ಫೈಲೂ ಸಿಕ್ಕಿಬೀಳುತ್ತದೆ.

ಮೂರು ಕಂಟೇನರ್

ವಾಝೂವನ್ನು ಡಾಕರ್ ಮೂಲಕ ಸ್ಥಾಪಿಸಬಹುದು. 2013ರಲ್ಲಿ ಬಂದ ಡಾಕರ್, ತಂತ್ರಾಂಶವನ್ನು ಅದಕ್ಕೆ ಬೇಕಾದ ಸಾಮಾನು ಸರಂಜಾಮಿನ ಸಮೇತ ಕಂಟೇನರ್ ಎಂಬ ಡಬ್ಬಿಯಲ್ಲಿ ಕಟ್ಟಿಕೊಡುತ್ತದೆ. ವಾಝೂಗೆ ಮೂರು ಕಂಟೇನರ್: ಮ್ಯಾನೇಜರ್, ಎಚ್ಚರಿಕೆಗಳನ್ನು ಕೂಡಿಡುವ ಇಂಡೆಕ್ಸರ್, ಅವನ್ನು ತೋರಿಸುವ ಡ್ಯಾಶ್‌ಬೋರ್ಡ್. 4 ಕೋರ್, 8 ಜಿಬಿ ರ‍್ಯಾಮ್, 50 ಜಿಬಿ ಡಿಸ್ಕ್ ಬೇಕು. ಮೊದಲು ಸರ್ಟಿಫಿಕೇಟ್ ತಯಾರಿಸಿ, ಆಮೇಲೆ ಕಂಪೋಸ್ ಫೈಲ್ ಚಲಾಯಿಸಬೇಕು.

ಎಡವುವ ಜಾಗಗಳು

ಇಂಡೆಕ್ಸರ್ ಮೇಲೇಳದೆ ಸತಾಯಿಸಿದರೆ ಲಿನಕ್ಸ್ ಕರ್ನಲ್‌ನ ಮ್ಯಾಪ್ ಕೌಂಟ್ ನೋಡಿ. ಕನಿಷ್ಠ 262144 ಇರಬೇಕು, ಹಲವು ಯಂತ್ರಗಳಲ್ಲಿ 65530 ಇರುತ್ತದೆ. ಜೊತೆಗೆ ಬಂದ ಪಾಸ್‌ವರ್ಡ್ ಜಗತ್ತಿಗೇ ಗೊತ್ತಿರುವಂಥದ್ದು, ಮೊದಲ ದಿನವೇ ಬದಲಿಸಿ. ಕಂಟೇನರ್ ನಿಲ್ಲಿಸುವ ‘ಡೌನ್’ ಆದೇಶಕ್ಕೆ ‘-ವಿ’ ಸೇರಿಸಿದಿರೋ, ವಾಲ್ಯೂಮ್ ಸಮೇತ ದಾಖಲೆಗಳೆಲ್ಲ ಹೋದವು. ಇನ್ನೊಂದು ಮೋಸ: ಡಾಕರ್ ತೆರೆದ ಪೋರ್ಟ್‌ಗೆ ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯುವಿನ ನಿಯಮ ತಾಗುವುದೇ ಇಲ್ಲ. ಬೀಗ ಹಾಕಿದೆವೆಂದುಕೊಂಡ ಬಾಗಿಲು ತೆರೆದೇ ಇರುತ್ತದೆ.

ಎಲ್ಲಿ ಇಡುವುದು?

ವಾಝೂ ಮ್ಯಾನೇಜರ್ ಜಾಲತಾಣವಿರುವ ಯಂತ್ರದಲ್ಲಂತೂ ಬೇಡ. ಕಳ್ಳ ಅಲ್ಲಿಗೆ ಹೊಕ್ಕರೆ ಕಾವಲಿನ ದಾಖಲೆಯನ್ನೂ ಅಳಿಸಿಯಾನು. ನಿಮ್ಮ ಮನೆಯಲ್ಲೇ ಇಡಬಹುದು, ಯುಪಿಎಸ್ ಇರಲಿ. ಆದರೆ ಮನೆ ಸಂಪರ್ಕಕ್ಕೆ ಎಷ್ಟೋ ಕಡೆ ಸ್ವಂತ ಐಪಿ ವಿಳಾಸ ಇರುವುದಿಲ್ಲ. ಏಜೆಂಟ್ ಹೊರಗಿನಿಂದ ಮನೆಯ ಯಂತ್ರವನ್ನು ಮುಟ್ಟಲು ವೈರ್‌ಗಾರ್ಡ್‌ನಂಥ ವಿಪಿಎನ್ ಬೇಕಾಗುತ್ತದೆ.

ನೋಡುವವರು ಯಾರು?

ಕ್ಯಾಮೆರಾದ ಕಾರ್ಡ್ ತೆಗೆದು ನೋಡುವವರಿಲ್ಲದಿದ್ದರೆ ಹುಲಿ ಬಂದದ್ದೂ ಒಂದೇ, ಬಾರದ್ದೂ ಒಂದೇ. ನೋಡಿದ ಮೇಲೆ ಸುಮ್ಮನಿರುವಂತೆಯೂ ಇಲ್ಲ: ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸಂಸ್ಥೆಗಳು ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಿಮ್ಮದು ಒಂದೇ ಹೋಂಸ್ಟೇ ಜಾಲತಾಣವಾದರೆ ಇಷ್ಟೆಲ್ಲ ಬೇಡ. ತಾಣ ಸ್ಥಗಿತವಾದರೆ ತಿಳಿಸುವ ಅಪ್‌ಟೈಮ್ ಕುಮಾ, ಪದೇಪದೇ ಲಾಗಿನ್ ಯತ್ನಿಸುವವರನ್ನು ತಡೆಯುವ ಫೇಲ್‌2ಬ್ಯಾನ್ ಎರಡೇ ಸಾಕು.